ತರಗಿನ ಪುಟ್ಟ ಅಣಬೆಗೆ ಹೆಸರು ಹುಡುಕುವ ಬಗೆ

ಎರಡು ದಿನ ಬಿಡದೆ ಮಳೆ ಸುರಿದು ಮೂರನೆಯ ದಿನ ಬೆಳಿಗ್ಗೆ ಮೋಡ ಸ್ವಲ್ಪ ಹರಿದಿದ್ದರೆ, ಬೆಂಗಳೂರಿನ ಸಿಂಗಾಪುರದಲ್ಲಿ ಅಣಬೆ ನೋಡಲು ಅದೇ ಒಳ್ಳೆಯ ಹೊತ್ತು. ವಿದ್ಯಾರಣ್ಯಪುರಕ್ಕೂ ಯಲಹಂಕಕ್ಕೂ ನಡುವೆ ಇರುವ ಈ ಊರಿನ ಸುತ್ತ ಎಷ್ಟೇ ಬಡಾವಣೆಗಳು ಎದ್ದಿದ್ದರೂ ಕೆರೆ ಉಳಿದಿದೆ, ಪಕ್ಕದಲ್ಲಿ ಜಾರಕಬಂಡೆ ಕಾವಲು ಉಳಿದಿದೆ. ಹೊಂಗೆ, ಮಳೆಮರ, ಬಿದಿರುಗಳ ಬುಡದಲ್ಲಿ ಗುಡಿಸುವವರ ಕಣ್ಣು ತಪ್ಪಿದ ಒಂದಿಷ್ಟು ತರಗು ಕೂಡ ಉಳಿದಿರುತ್ತದೆ. ನಿಂತು ನೋಡಿದರೆ ಅಲ್ಲಿ ಏನೂ ಕಾಣದು. ಕುಕ್ಕರಗಾಲಿನಲ್ಲಿ ಕೂತು, ಮೇಲಿನ ಒಣ ಎಲೆಗಳನ್ನು ಒಂದೊಂದಾಗಿ ಸರಿಸಿ, ಒದ್ದೆ ಎಲೆಗಳ ಪದರ ಸಿಗುವವರೆಗೆ ಹೋಗಬೇಕು. ಆಗ ಕಾಣುತ್ತವೆ. ಒಂದು ಸೆಂಟಿಮೀಟರಿನಷ್ಟು ಅಗಲದ ಟೋಪಿ; ನಸುಗುಲಾಬಿಯಿಂದ ಕಡುಗೆಂಪಿನವರೆಗೆ ಯಾವುದಾದರೊಂದು ಬಣ್ಣ; ಟೋಪಿಯ ಮೇಲೆ ನಡುವಿನಿಂದ ಅಂಚಿಗೆ ಇಳಿಯುವ ಗೀರುಗಳು; ಕೆಳಗೆ ಕರಿಯ, ಹೊಳೆಯುವ, ತೀರ ಸಣ್ಣ ದಂಟು. ಒಂದೇ ಎಲೆಯ ಮೇಲೆ ಮೂರೋ ನಾಲ್ಕೋ ನಿಂತಿರುತ್ತವೆ.

ಇದನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಜೀವಲೋಕದಲ್ಲಿ ಅದರ ಸ್ಥಾನ ಎಲ್ಲಿ ಎಂದು ಹೊಸಬರಿಗಾಗಿ ಮೊದಲಿನಿಂದ ಹೇಳುತ್ತೇನೆ. ನಮ್ಮಲ್ಲಿ ಅಣಬೆಯ ಮಾತು ಬಂದರೆ ಅಂಗಡಿಯ ಚಿಪ್ಪಣಬೆ, ಹಾಲಣಬೆ ನೆನಪಾಗುತ್ತವೆ. ಮಲೆನಾಡಿನ ಕಡೆಯವರಾದರೆ ಹುತ್ತದ ಅಣಬೆಯ ಸಾರನ್ನು ನೆನೆಯುತ್ತಾರೆ. ಉಳಿದದ್ದನ್ನೆಲ್ಲ ನಾಯಿಕೊಡೆ ಎಂದು ತಳ್ಳಿಬಿಡುತ್ತೇವೆ. ಹಾಗೆ ತಳ್ಳಿದ ರಾಶಿಯಲ್ಲೇ ಬಹುಪಾಲು ಅಣಬೆಗಳಿವೆ.

ತಿನ್ನುವ ಮಾತನ್ನು ಇಲ್ಲಿಯೇ ಮುಗಿಸಿಬಿಡೋಣ. ಈ ಲೇಖನವನ್ನು ನಂಬಿ ಯಾವ ಅಣಬೆಯನ್ನೂ ಬಾಯಿಗಿಡಬೇಡಿ. ಹುಲ್ಲುಹಾಸಿನ ಮೇಲೆ ತಟ್ಟೆಯಗಲ ಅರಳುವ ಬಿಳಿಯ ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ತಿಂದವರಿಗೆ ತಾಸುಗಳಲ್ಲಿ ತೀವ್ರ ವಾಂತಿ ಭೇದಿ ಶುರುವಾಗುತ್ತದೆ. ಲೆಪಿಯೋಟಾ ಎಂಬ ಪುಟ್ಟ ಅಣಬೆಗಳ ಗುಂಪಿನಲ್ಲಿ ಯಕೃತ್ತನ್ನೇ ಕೊಲ್ಲುವ ವಿಷವಿರುವ ಪ್ರಭೇದಗಳಿವೆ; ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಆದರೆ ಮುಟ್ಟಿದ್ದಕ್ಕೆ, ಮೂಸಿದ್ದಕ್ಕೆ ವಿಷವೇರುವುದಿಲ್ಲ. ಹೆದರದೆ ಕೈಗೆತ್ತಿಕೊಳ್ಳಿ, ಆಮೇಲೆ ಕೈ ತೊಳೆಯಿರಿ, ಅಷ್ಟೇ.

ಮೊದಲ ಪಾಠ: ಅಣಬೆಯನ್ನು ಕೀಳಬೇಡಿ, ಎಲೆಸಮೇತ ಎತ್ತಿ. ಹೊಸಬರು ಟೋಪಿಯ ಬಣ್ಣಕ್ಕೆ ಮನಸೋತು ದಂಟನ್ನು ಚಿವುಟಿಕೊಂಡು ಬರುತ್ತಾರೆ. ಹಾಗೆ ತಂದ ಅಣಬೆ ಅರ್ಧ ವಿಳಾಸ ಕಳೆದುಕೊಂಡಿರುತ್ತದೆ. ಅದು ಯಾವುದರ ಮೇಲೆ ಬೆಳೆದಿತ್ತು? ಹೊಂಗೆ ಎಲೆಯ ಮೇಲೋ, ಬಿದಿರಿನ ಗೆಣ್ಣಿನ ಮೇಲೋ, ಕಡ್ಡಿಯ ಮೇಲೋ, ಬರೀ ಮಣ್ಣಿನಿಂದಲೋ? ದಂಟು ಎಲೆಯೊಳಗಿಂದ ನೇರವಾಗಿ ಹೊರಟಿತ್ತೋ, ಬುಡದಲ್ಲಿ ಬಿಳಿಯ ನವಿರು ನವಿರಾದ ಹತ್ತಿಯಂಥದ್ದೇನಾದರೂ ಇತ್ತೋ? ಈ ಕೊನೆಯ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ನಾವು ನೋಡಲಿರುವ ಗುಂಪಿನಲ್ಲಿ ಪ್ರಭೇದಗಳನ್ನು ಬೇರ್ಪಡಿಸುವ ದೊಡ್ಡ ಕವಲುದಾರಿಯೇ ಅದು. ಕೆಲವು ಪ್ರಭೇದಗಳ ದಂಟು ಎಲೆಯ ಚರ್ಮದಿಂದ ಥಟ್ಟನೆ ಎದ್ದು ನಿಂತಿರುತ್ತದೆ. ಬೇರೆ ಕೆಲವದಕ್ಕೆ ಬುಡದಲ್ಲಿ ಬಿಳಿ ಇಲ್ಲವೇ ಹಳದಿ ಎಳೆಗಳ ಸಣ್ಣ ಗದ್ದುಗೆ ಇರುತ್ತದೆ. ಚಿವುಟಿದಿರೋ, ಆ ಗುರುತು ಹೋಯಿತು.

ರಸ್ತೆಬದಿಯಲ್ಲಿ, ನಿಮ್ಮದೇ ಅಂಗಳದಲ್ಲಿ ಎಲೆ ಎತ್ತಿಕೊಳ್ಳಬಹುದು. ಜಾರಕಬಂಡೆ ಕಾವಲು ಅರಣ್ಯ ಇಲಾಖೆಯ ಕಾಡು. ಅನುಮತಿಯಿಲ್ಲದೆ ಅಲ್ಲಿಂದ ಎಲೆಯನ್ನೂ ತರಬಾರದು. ಫೋಟೊ ತೆಗೆದು, ಬರೆದುಕೊಂಡು ಬನ್ನಿ.

ಕಾಣುವ ಟೋಪಿಗಿಂತ ಕಾಣದ ಭಾಗ ದೊಡ್ಡದು. ಎಲೆಗಳ ಪದರವನ್ನು ಮೆಲ್ಲಗೆ ಬಿಡಿಸಿ. ಒಂದಕ್ಕೊಂದು ಅಂಟಿಕೊಂಡ ಒದ್ದೆ ಎಲೆಗಳ ನಡುವೆ ಬಿಳಿಯ ಸಣ್ಣ ಎಳೆಗಳು ಹರಡಿರುತ್ತವೆ. ಅದು ಕವಕಜಾಲ. ಶಿಲೀಂಧ್ರ ಎಂಬ ಜೀವಿಯ ನಿಜವಾದ ಮೈ ಅದೇ. ತಿಂಗಳುಗಟ್ಟಲೆ ಅಲ್ಲೇ ಇದ್ದು, ಎಲೆಯನ್ನು ಕರಗಿಸಿ ಉಣ್ಣುತ್ತಿರುತ್ತದೆ. ಹದವಾದ ತೇವ ಸಿಕ್ಕಾಗ ಬೀಜಕಗಳನ್ನು ಗಾಳಿಗೆ ಬಿಡಲೆಂದು ಟೋಪಿಯನ್ನು ಮೇಲೆತ್ತುತ್ತದೆ, ಅಷ್ಟೇ. ಎಳೆಗಳು ಹಬ್ಬಿದ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಲ್ಲಿ ಕಂದು ಬಣ್ಣ ಹೋಗಿ ಬಿಳಿಚಿಕೊಂಡ ತೇಪೆಗಳಿರುತ್ತವೆ. ಒಣ ಎಲೆಯ ಕಂದು ಬಣ್ಣಕ್ಕೂ ಗಡಸುತನಕ್ಕೂ ಲಿಗ್ನಿನ್ ಎಂಬ ವಸ್ತು ಬಹುಮಟ್ಟಿಗೆ ಕಾರಣ. ಅದನ್ನು ಪೂರ್ತಿಯಾಗಿ ಒಡೆಯಬಲ್ಲ ಜೀವಿಗಳು ಬಹಳ ಕಡಿಮೆ. ಈ ಪುಟ್ಟ ಅಣಬೆಗಳು ಆ ಕಡಿಮೆಯವರಲ್ಲಿ ಸೇರಿವೆ. ಲ್ಯಾಕೇಸ್, ಪೆರಾಕ್ಸಿಡೇಸ್ ಎಂಬ ಕಿಣ್ವಗಳನ್ನು ಎಳೆಗಳ ತುದಿಯಿಂದ ಹೊರಗೆ ಬಿಟ್ಟು, ಲಿಗ್ನಿನ್ನನ್ನು ಚೂರುಮಾಡಿ, ಅದರೊಳಗೆ ಸಿಕ್ಕಿಕೊಂಡ ಸಾರಜನಕವನ್ನೂ ಇತರ ಪೋಷಕಗಳನ್ನೂ ಬಿಡಿಸುತ್ತವೆ. ಹೊಂಗೆಯ ಎಲೆ ಹೊಂಗೆಯ ಬೇರಿಗೇ ಗೊಬ್ಬರವಾಗಿ ಮರಳುವುದು ಈ ದಾರಿಯಲ್ಲಿ.

ಅದಕ್ಕೇ, ಚಳಿಗಾಲ ಮುಗಿಯುವ ಹೊತ್ತಿಗೆ ನಮ್ಮ ಬೀದಿಗಳಲ್ಲಿ ತರಗನ್ನು ಗುಡ್ಡೆ ಹಾಕಿ ಬೆಂಕಿಯಿಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಹೊಗೆಯ ತೊಂದರೆ ಎಲ್ಲರಿಗೂ ಗೊತ್ತು. ಹೊಗೆಯೊಂದಿಗೆ ಎಲೆಯ ಸಾರಜನಕವೂ, ಆ ಎಲೆಗಳಲ್ಲಿ ಮಳೆಗಾಗಿ ಕಾಯುತ್ತಿದ್ದ ಎಳೆಗಳೂ ಹೋಗುತ್ತವೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಮನೆಯ ಹಿಂದೆ ಮೂರಡಿ ಜಾಗದಲ್ಲಿ ತರಗನ್ನು ರಾಶಿ ಹಾಕಿ ಬಿಟ್ಟರೂ ಸಾಕು, ಮುಂದಿನ ಮುಂಗಾರಿಗೆ ನಿಮ್ಮ ಅಣಬೆ ಪಾಠಶಾಲೆ ಅಲ್ಲಿಯೇ ತೆರೆಯುತ್ತದೆ.

ಈಗ ಎಲೆಯನ್ನು ಮನೆಗೆ ತಂದಿದ್ದೀರಿ ಎನ್ನೋಣ. ಬೇಕಾದದ್ದು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ, ಮಿಲಿಮೀಟರ್ ಗೀಟುಗಳಿರುವ ಸ್ಕೇಲು, ಪೆನ್ಸಿಲು, ಒಂದು ನೋಟ್‌ಬುಕ್. ಹೆಸರನ್ನು ಹುಡುಕುವ ಆತುರ ಈಗ ಬೇಡ. ಮೊಬೈಲಿನಲ್ಲಿ ಫೋಟೊ ತೆಗೆದು ಯಾವುದೋ ತಂತ್ರಾಂಶ ಹೇಳಿದ ಹೆಸರನ್ನು ಬರೆದುಕೊಂಡುಬಿಟ್ಟರೆ, ಆಮೇಲೆ ನಿಮ್ಮ ಕಣ್ಣು ಆ ಹೆಸರಿಗೆ ಒಪ್ಪುವುದನ್ನು ಮಾತ್ರ ನೋಡುತ್ತದೆ. ಮೊದಲು ಕಂಡದ್ದನ್ನೆಲ್ಲ ಬರೆಯಿರಿ. ಹೆಸರು ಕೊನೆಗೆ ಬರಲಿ.

ಬಣ್ಣವನ್ನು ತಾಜಾ ಇರುವಾಗಲೇ, ಹಗಲು ಬೆಳಕಿನಲ್ಲಿ ಬರೆಯಬೇಕು. ಟ್ಯೂಬ್‌ಲೈಟಿನಡಿ ಗುಲಾಬಿಯೂ ಕಂದಾಗಿ ತೋರುತ್ತದೆ. ನಡುವಿನ ಬಣ್ಣ, ಅಂಚಿನ ಬಣ್ಣ ಬೇರೆಬೇರೆಯಾಗಿ ಬರೆಯಿರಿ. ಟೋಪಿಯ ಅಗಲವನ್ನು ಒಂದೇ ಅಣಬೆಯದ್ದಲ್ಲ, ಎಳೆಯದು ಬಲಿತದ್ದು ಸೇರಿಸಿ ನಾಲ್ಕಾರರದ್ದು ಅಳೆಯಿರಿ. ದಂಟಿನ ಉದ್ದ, ದಪ್ಪ, ತುದಿಯಲ್ಲಿ ಬಿಳಿಚಾಗಿ ಬುಡದ ಕಡೆ ಕಪ್ಪಾಗುತ್ತದೆಯೇ, ಎಲ್ಲ ಕಡೆ ಒಂದೇ ಬಣ್ಣವೇ, ನುಣುಪೋ, ರೋಮವಿದೆಯೋ. ಬೆರಳಿನಲ್ಲಿ ತುಸು ಬಗ್ಗಿಸಿ ನೋಡಿ, ಬಳುಕುತ್ತದೆಯೋ ಲಟಕ್ಕನೆ ಮುರಿಯುತ್ತದೆಯೋ. ಮೂಸಿ ನೋಡಿ, ಕೆಲವು ಸಣ್ಣ ಅಣಬೆಗಳಿಗೆ ಬೆಳ್ಳುಳ್ಳಿಯ ವಾಸನೆ ಇರುತ್ತದೆ, ಅದು ಒಳ್ಳೆಯ ಸುಳಿವು.

ಬಳಿಕ ಟೋಪಿಯನ್ನು ಮಗುಚಿ ಕಿವಿರುಗಳನ್ನು ನೋಡಿ. ದಂಟಿನವರೆಗೂ ತಲುಪುವ ಕಿವಿರುಗಳು ಎಷ್ಟು ಎಂದು ಎಣಿಸಬೇಕು. ಅಂಗಡಿಯ ಬಟನ್ ಅಣಬೆಯಲ್ಲಿ ಅವು ಎಣಿಸಲಾಗದಷ್ಟು ಒತ್ತೊತ್ತಾಗಿರುತ್ತವೆ. ನಮ್ಮ ಗುಲಾಬಿ ಟೋಪಿಯಲ್ಲಿ ಹತ್ತರಿಂದ ಇಪ್ಪತ್ತರೊಳಗೆ. ನಡುನಡುವೆ ಎದ್ದು ಕಾಣುವಷ್ಟು ಜಾಗ ಬಿಟ್ಟಿರುತ್ತದೆ. ಅವು ದಂಟಿಗೆ ಹೇಗೆ ಸೇರುತ್ತವೆ ಎಂಬುದನ್ನು ಮಸೂರದಲ್ಲಿ ನೋಡಿ. ನೇರ ದಂಟಿಗೇ ತಾಗಬಹುದು. ಇಲ್ಲವೇ ದಂಟಿನ ಸುತ್ತ ಒಂದು ಸಣ್ಣ ಬಳೆ ಇದ್ದು ಕಿವಿರುಗಳೆಲ್ಲ ಆ ಬಳೆಗೆ ಬಂದು ಕೂಡಿಕೊಳ್ಳಬಹುದು, ಸೈಕಲ್ ಚಕ್ರದ ಕಡ್ಡಿಗಳು ಗುಂಬಕ್ಕೆ ಸೇರುವ ಹಾಗೆ. ಬಳೆ ಇದ್ದರೆ ಒಂದು ಗುಂಪು, ಇಲ್ಲದಿದ್ದರೆ ಇನ್ನೊಂದು. ಯುರೋಪು, ಅಮೆರಿಕಗಳಲ್ಲಿ ಕಡ್ಡಿಗಳ ಮೇಲೆ ಬೆಳೆಯುವ ಮರಾಸ್ಮಿಯಸ್ ರೋಟುಲಾ ಬಳೆಯಿರುವ ಗುಂಪಿನದು. ಇಡೀ ಮರಾಸ್ಮಿಯಸ್ ಜಾತಿಗೆ ಮಾದರಿಯೆಂದು ವಿಜ್ಞಾನಿಗಳು ಇಟ್ಟುಕೊಂಡಿರುವುದೂ ಅದನ್ನೇ.

ಮರಾಸ್ಮಿಯಸ್ ಎಂಬ ಹೆಸರು ಬಂತು. ನಮ್ಮ ಅಣಬೆ ಆ ಜಾತಿಯದೆಂದು ಊಹಿಸಲು ಒಂದು ಪರೀಕ್ಷೆಯಿದೆ. ಶಾಲೆಯ ಮಕ್ಕಳೂ ಮಾಡಬಹುದು, ಖರ್ಚಿಲ್ಲ. ಎರಡು ಮೂರು ಅಣಬೆಗಳನ್ನು ಎಲೆಸಮೇತ ತಟ್ಟೆಯಲ್ಲಿಟ್ಟು ಗಾಳಿಯಾಡುವ ಕಡೆ ಬಿಡಿ. ಸಂಜೆಯೊಳಗೆ ಟೋಪಿ ಸುರುಟಿ, ಗೀರುಗಳು ಆಳವಾಗಿ, ಇಷ್ಟೇ ಇಷ್ಟು ಆಗಿಬಿಡುತ್ತದೆ. ಸತ್ತಿತು ಎಂದೇ ತೋರುತ್ತದೆ. ಮರುದಿನ ಅದನ್ನು ನೀರಿನ ಬಟ್ಟಲಿಗೆ ಹಾಕಿ. ಸ್ವಲ್ಪ ಹೊತ್ತಿನಲ್ಲೇ ಟೋಪಿ ಬಿಚ್ಚಿಕೊಂಡು ಮೊದಲಿನ ಆಕಾರಕ್ಕೆ ಬರುತ್ತದೆ, ಕಿವಿರುಗಳು ನೆಟ್ಟಗಾಗುತ್ತವೆ. ಸಾಮಾನ್ಯ ಅಣಬೆಗಳು ಒಂದು ದಿನಕ್ಕೇ ಕೊಳೆತು ಲೋಳೆಯಾಗುತ್ತವೆ. ಒಣಗಿದವು ನೀರಿಗೆ ಬಿದ್ದರೂ ಹೀಗೆ ಅರಳುವುದಿಲ್ಲ. ಇದರ ಮೈಯಲ್ಲಿ ಮಾಂಸಳ ಭಾಗ ತೀರ ಕಡಿಮೆ, ಎಳೆಗಳು ಗಟ್ಟಿ. ಹಾಗಾಗಿ ಮಳೆ ನಿಂತು ಬಿಸಿಲು ಬಂದರೆ ಒಣಗಿ ಕೂರುತ್ತದೆ, ಮತ್ತೆ ಹನಿ ಬಿದ್ದರೆ ಅರಳಿ ಬೀಜಕ ಬಿಡುವುದನ್ನು ಮುಂದುವರಿಸುತ್ತದೆ. ನಮ್ಮ ಬೆಂಗಳೂರಿನ ಮಳೆ ಒಂದು ಸಂಜೆ ಸುರಿದು ಎರಡು ದಿನ ಮರೆತುಬಿಡುವಂಥದ್ದು. ತೆಳ್ಳನೆಯ ತರಗಿನ ಹಾಸಿನಲ್ಲಿ ಬದುಕಬೇಕಾದ ಅಣಬೆಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೇನು ಬೇಕು?

ಈ ಗುಣವನ್ನೇ ಹಿಡಿದು ಮರಾಸ್ಮಿಯಸ್ ಜಾತಿಯನ್ನು ಬೇರೆ ನಿಲ್ಲಿಸಿದವರು ಸ್ವೀಡನ್ನಿನ ಎಲಿಯಾಸ್ ಫ್ರೀಸ್. 1830ರ ದಶಕದ ಮಾತು. ಅವರಿಗೆ ಒಳ್ಳೆಯ ಸೂಕ್ಷ್ಮದರ್ಶಕದ ನೆರವೂ ಇರಲಿಲ್ಲ. ಕಣ್ಣು, ಮಸೂರ, ತಾಳ್ಮೆ ಇಷ್ಟರಲ್ಲೇ ಜಗತ್ತಿನ ಅಣಬೆಗಳನ್ನು ವಿಂಗಡಿಸಿದರು. ಬೀಜಕದ ರಾಶಿಯ ಬಣ್ಣವನ್ನು ವಿಂಗಡಣೆಯ ಮುಖ್ಯ ಆಧಾರವಾಗಿ ಮಾಡಿದವರೂ ಅವರೇ. ಇಂದಿಗೂ ಆ ಪರೀಕ್ಷೆಯಿಲ್ಲದೆ ಅಣಬೆ ಗುರುತಿಸುವ ಕೆಲಸ ಮುಂದೆ ಹೋಗದು. ಬಲಿತ ಟೋಪಿಯನ್ನು ದಂಟಿನಿಂದ ಬೇರ್ಪಡಿಸಿ, ಕಿವಿರು ಕೆಳಗಾಗುವಂತೆ ಗಾಜಿನ ಪಟ್ಟಿಯ ಮೇಲೆ ಇಡಿ. ಟೋಪಿಯ ನೆತ್ತಿಗೆ ಒಂದು ಹನಿ ನೀರು. ಮೇಲೆ ಲೋಟವನ್ನು ಬೋರಲು ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಟೋಪಿ ಎತ್ತಿದರೆ ಕಿವಿರುಗಳ ಸಾಲಿಗೆ ಸರಿಯಾಗಿ ಬೀಜಕಗಳ ಅಚ್ಚು ಬಿದ್ದಿರುತ್ತದೆ. ಗಾಜನ್ನು ಕಪ್ಪು ಕಾಗದದ ಮೇಲೂ ಬಿಳಿ ಕಾಗದದ ಮೇಲೂ ಇಟ್ಟು ನೋಡಿ. ಮರಾಸ್ಮಿಯಸ್ ಆದರೆ ಅಚ್ಚು ಬಿಳಿ. ಇಷ್ಟು ಸಣ್ಣ ಟೋಪಿಯಿಂದ ಬೀಳುವ ಅಚ್ಚು ಬಹಳ ತೆಳು. ಒಂದು ಸಲಕ್ಕೆ ಬರದಿದ್ದರೆ ಇನ್ನೊಂದು ಟೋಪಿಯಲ್ಲಿ ಮತ್ತೆ ಮಾಡಿ.

ಹೋಲುವವರು ಯಾರ್ಯಾರು ಎಂದೂ ತಿಳಿದಿರಬೇಕು. ಮರದ ಬುಡದಲ್ಲಿ, ಹಳೆಯ ಮೋಟುಗಳ ಸುತ್ತ ನೂರಾರು ಬೂದುಬಿಳಿ ಟೋಪಿಗಳು ಒಟ್ಟಿಗೆ ಏಳುತ್ತವಲ್ಲ, ಅದು ಕೊಪ್ರಿನೆಲ್ಲಸ್ ಡಿಸ್ಸೆಮಿನೇಟಸ್. ಅದಕ್ಕೂ ಗೀರುಗಳಿವೆ, ಅದೂ ಪುಟ್ಟದು. ಆದರೆ ಅಚ್ಚು ಕಪ್ಪುಗಂದು, ಕೈ ತಾಗಿದರೆ ಪುಡಿಯಾಗುವಷ್ಟು ನಾಜೂಕು. ಮೈಸೀನಾ ಎಂಬ ಜಾತಿಯವು ಇನ್ನೂ ಹತ್ತಿರದ ಹೋಲಿಕೆಯವು: ತರಗಿನ ಮೇಲೇ ಬರುತ್ತವೆ, ಅಚ್ಚು ಬಿಳಿ. ಆದರೆ ದಂಟು ಮೆತ್ತಗೆ, ಒಳಗೆ ಟೊಳ್ಳು, ಒಣಗಿಸಿ ನೆನೆಸಿದರೆ ಮತ್ತೆ ಅರಳುವುದಿಲ್ಲ. ಬಿಳಿ ಟೋಪಿಯ, ಬುಡದಿಂದ ಮೇಲಕ್ಕೆ ಕಪ್ಪಾಗುತ್ತ ಹೋಗುವ ದಂಟಿನ ಪುಟ್ಟದೊಂದು ಸಿಕ್ಕರೆ ಅದು ಟೆಟ್ರಾಪೈರ್ಗೊಸ್ ನೈಗ್ರಿಪಿಸ್ ಇರಬಹುದು. ಅದರ ಬೀಜಕಗಳು ಮುಳ್ಳುಚಾಚಿದ ಮೂರು ನಾಲ್ಕು ಮೂಲೆಯವು, ಸೂಕ್ಷ್ಮದರ್ಶಕದಲ್ಲಿ ಒಮ್ಮೆ ಕಂಡರೆ ಮರೆಯಲಾಗದು. ಟೋಪಿಯ ಮೇಲೆ ಒತ್ತಾದ ರೋಮಗಳಿದ್ದರೆ ಕ್ರಿನಿಪೆಲ್ಲಿಸ್. ಮರಾಸ್ಮಿಯಸ್ ಕುಟುಂಬದಲ್ಲಿ ತರಗು ತಿನ್ನುವವರು ಮಾತ್ರ ಇದ್ದಾರೆಂದು ತಿಳಿಯಬೇಡಿ. 1989ರಲ್ಲಿ ಬ್ರೆಜಿಲಿನ ಬಾಹಿಯಾ ಪ್ರಾಂತ್ಯಕ್ಕೆ ಕಾಲಿಟ್ಟು ಕೋಕೋ ತೋಟಗಳನ್ನು ನೆಲಕಚ್ಚಿಸಿದ ರೋಗಕ್ಕೆ ಕಾರಣವಾದ ಶಿಲೀಂಧ್ರವೂ ಇದೇ ಕುಟುಂಬದ್ದು. ಅದರ ಅಣಬೆಯೂ ಹೀಗೇ ಪುಟ್ಟದಾಗಿ, ಗುಲಾಬಿ ಕೆಂಪಾಗಿ ಚೆಲುವಾಗಿರುತ್ತದೆ.

ಬೇರೆ ಕೆಲವು ಮರಾಸ್ಮಿಯಸ್‌ಗಳು ತೇವ ಹೆಚ್ಚಿರುವ ಕಾಡುಗಳಲ್ಲಿ ಕರಿಯ ಕೂದಲಿನಂಥ ಉದ್ದನೆಯ ಎಳೆಗಳನ್ನು ಪೊದೆಯಿಂದ ಪೊದೆಗೆ ಹಬ್ಬಿಸಿ, ಮೇಲಿನಿಂದ ಬೀಳುವ ಎಲೆಗಳನ್ನು ನೆಲಕ್ಕೆ ಮುಟ್ಟುವ ಮೊದಲೇ ಹಿಡಿದುಕೊಳ್ಳುತ್ತವೆ. ಹಕ್ಕಿಗಳು ಆ ಎಳೆಗಳನ್ನು ಗೂಡಿಗೆ ಒಯ್ಯುತ್ತವೆ. ಸಿಂಗಾಪುರದ ಒಣ ಹವೆಯಲ್ಲಿ ಇದನ್ನು ನಿರೀಕ್ಷಿಸಬೇಡಿ. ಮಲೆನಾಡಿಗೆ ಹೋದಾಗ ಕಣ್ಣಿಟ್ಟಿರಿ.

ಇಲ್ಲಿಯವರೆಗಿನ ಕೆಲಸದಿಂದ ನೀವು ಹೇಳಬಹುದಾದದ್ದು ಇಷ್ಟು: ತರಗಿನ ಮೇಲೆ ಬೆಳೆಯುವುದು, ಬಿಳಿ ಅಚ್ಚು, ಗಟ್ಟಿ ಕರಿ ದಂಟು, ವಿರಳ ಕಿವಿರು, ಒಣಗಿ ಮತ್ತೆ ಅರಳುವುದು. ಇದು ಮರಾಸ್ಮಿಯಸ್ ಇರಬೇಕು. ಇಲ್ಲಿ ನಿಂತರೂ ನಾಚಿಕೆಯೇನಿಲ್ಲ. ವಿಷಯ ತಿಳಿದವರು ಎಷ್ಟೋ ಸಲ ಇಲ್ಲೇ ನಿಲ್ಲುತ್ತಾರೆ. ಪ್ರಭೇದದ ಹೆಸರು ಬೇಕೆಂದರೆ ಮುಂದಿನ ಹೆಜ್ಜೆ ಸೂಕ್ಷ್ಮದರ್ಶಕದ್ದು. ಪಿಯುಸಿ ಪ್ರಯೋಗಾಲಯಗಳಲ್ಲಿ ಇರುವಂಥದ್ದೇ ಸಾಕು, 400 ಪಟ್ಟು ತೋರಿಸಿದರೆ ಬಹಳಷ್ಟು ಕಾಣುತ್ತದೆ. 1000 ಪಟ್ಟಿನ ಎಣ್ಣೆ ಮಸೂರವಿದ್ದರೆ ಇನ್ನೂ ಒಳ್ಳೆಯದು.

ನೋಡಬೇಕಾದ ಮೊದಲ ಜಾಗ ಟೋಪಿಯ ಮೇಲ್ಚರ್ಮ. ಹೊಸ ಬ್ಲೇಡಿನಿಂದ ಅದರ ತೆಳ್ಳನೆಯ ಚೂರನ್ನು ಸೀಳಿ, ದುರ್ಬಲ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿಯಲ್ಲಿ ಇಟ್ಟು, ಬೇಕಿದ್ದರೆ ಕಾಂಗೋ ರೆಡ್ ಬಣ್ಣ ಹಾಕಿ ನೋಡಿ. ಮರಾಸ್ಮಿಯಸ್‌ಗಳ ಮೇಲ್ಚರ್ಮದಲ್ಲಿ ಪೊರಕೆಕೋಶಗಳು ಎಂದು ಕರೆಯುವ ವಿಚಿತ್ರ ಕೋಶಗಳಿವೆ. ಕೋಶದ ತಲೆಯಿಂದ ಬೆರಳುಗಳಂತೆ ಉದ್ದನೆಯ ಕವಲುಗಳು ಮೇಲೆದ್ದಿದ್ದರೆ ಒಂದು ಬಗೆ. ಕೋಶದ ಮೈತುಂಬ ಸಣ್ಣ ಸಣ್ಣ ಗಂಟುಗಳಿದ್ದರೆ ಇನ್ನೊಂದು ಬಗೆ. ಮೊದಲನೆಯದು ಮರಾಸ್ಮಿಯಸ್ ಸಿಕ್ಕಸ್ ಎಂಬ ಪ್ರಭೇದದ ಬಗೆ, ಎರಡನೆಯದು ಮರಾಸ್ಮಿಯಸ್ ರೊಟಾಲಿಸ್ ಎಂಬುದರ ಬಗೆ. ಗುಲಾಬಿ ಟೋಪಿಯದು ಮೊದಲ ಬಗೆ. ಈ ಪೊರಕೆಕೋಶಗಳನ್ನು ಮೊದಲ ಸಲ ಕಂಡ ವಿದ್ಯಾರ್ಥಿಗಳ ಮುಖವನ್ನು ನೋಡುವುದೇ ಮೇಷ್ಟರ ಸಂಬಳ ಎಂದು ನಾನು ಮನಸಾರೆ ಹೇಳುತ್ತೇನೆ.

ಆಮೇಲೆ ಕಿವಿರಿನ ಚೂರು. ಕಿವಿರಿನ ಬದಿಯಲ್ಲಿ ಬೀಜಕ ಹೊರುವ ಕೋಶಗಳ ನಡುವೆ ಅವಕ್ಕಿಂತ ಎತ್ತರಕ್ಕೆ ಚಾಚಿದ, ಹೊಳೆಯುವ ಬೇರೆ ಕೋಶಗಳು ಇವೆಯೇ? ಇದ್ದರೆ ಒಂದು ಸಾಲು, ಇಲ್ಲದಿದ್ದರೆ ಇನ್ನೊಂದು ಸಾಲು. ರಾಲ್ಫ್ ಸಿಂಗರ್ ಎಂಬ ವಿದ್ವಾಂಸರು 1976ರಲ್ಲಿ ಅಮೆರಿಕ ಖಂಡಗಳ ಉಷ್ಣವಲಯದ ಮರಾಸ್ಮಿಯಸ್ ಬಳಗದ ಮೇಲೆ ದೊಡ್ಡ ಗ್ರಂಥ ಬರೆದಾಗ ಬಣ್ಣಕ್ಕಿಂತ ಇಂಥ ಕೋಶಗಳನ್ನೇ ಹೆಚ್ಚು ನೆಚ್ಚಿಕೊಂಡರು. ಕೊನೆಗೆ ಬೀಜಕಗಳ ಅಳತೆ. ಹತ್ತಿಪ್ಪತ್ತು ಬೀಜಕಗಳ ಉದ್ದ ಅಗಲ ಅಳೆದು ಸರಾಸರಿ ತೆಗೆಯಬೇಕು. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರೋಮೀಟರ್ ಎನ್ನುತ್ತಾರೆ. ಗುಲಾಬಿ ಟೋಪಿಯವನ ಬೀಜಕಗಳು ಇಂಥ ಪುಟ್ಟ ಅಣಬೆಗೆ ಅಚ್ಚರಿಯೆನಿಸುವಷ್ಟು ಉದ್ದ, ಹೆಚ್ಚುಕಡಿಮೆ 20 ಮೈಕ್ರೋಮೀಟರಿನ ಆಸುಪಾಸು. ಅಗಲ ಬರೀ ನಾಲ್ಕೈದು.

ಪೊರಕೆಕೋಶ, ಕಿವಿರಿನ ಬದಿಯ ಹೊಳೆವ ಕೋಶ, ಉದ್ದನೆಯ ಬೀಜಕ, ಗುಲಾಬಿ ಕೆಂಪು ಟೋಪಿ ಎಲ್ಲ ಒಪ್ಪಿದರೆ ಗ್ರಂಥಗಳು ತೋರಿಸುವ ಹೆಸರು ಮರಾಸ್ಮಿಯಸ್ ಹೆಮಟೋಸೆಫಾಲಸ್. ಹೆಸರಿನ ಜೊತೆ ಆವರಣದಲ್ಲಿ ಮೊಂತಾನ್ಯ ಎಂದೂ, ಹೊರಗೆ ಫ್ರೀಸ್ ಎಂದೂ ಬರೆದಿರುತ್ತಾರೆ. ಅದೊಂದು ಪುಟ್ಟ ಚರಿತ್ರೆ. ನೆಪೋಲಿಯನ್ನನ ಸೈನ್ಯದಲ್ಲಿ ವೈದ್ಯರಾಗಿದ್ದು ಬಳಿಕ ಪಾಚಿ, ಶಿಲೀಂಧ್ರಗಳ ಅಧ್ಯಯನಕ್ಕೆ ತಮ್ಮನ್ನು ಒಪ್ಪಿಸಿಕೊಂಡ ಕಾಮಿಲ್ ಮೊಂತಾನ್ಯ 1837ರಲ್ಲಿ ಬ್ರೆಜಿಲಿನ ಮಾದರಿಯಿಂದ ಇದನ್ನು ವಿವರಿಸಿ ಅಗಾರಿಕಸ್ ಜಾತಿಯಲ್ಲಿ ಇಟ್ಟರು. ಮರುವರ್ಷವೇ ಫ್ರೀಸ್ ಅದನ್ನು ಮರಾಸ್ಮಿಯಸ್ ಜಾತಿಗೆ ತಂದರು. ಮೊದಲು ವಿವರಿಸಿದವರ ಹೆಸರು ಆವರಣದೊಳಗೆ, ಸ್ಥಳಾಂತರಿಸಿದವರ ಹೆಸರು ಹೊರಗೆ. ವಿದ್ವಾಂಸರ ಋಣವನ್ನು ಹೀಗೆ ಹೆಸರಿನಲ್ಲೇ ಉಳಿಸಿಕೊಳ್ಳುವ ಈ ಪದ್ಧತಿ ನನಗೆ ಬಹಳ ಇಷ್ಟ.

ಆದರೆ ತಕ್ಷಣ ಆ ಹೆಸರನ್ನು ಚೀಟಿಯ ಮೇಲೆ ಶಾಯಿಯಲ್ಲಿ ಬರೆಯಬೇಡಿ. ಬ್ರೆಜಿಲಿಗೂ ಬೆಂಗಳೂರಿಗೂ ನಡುವೆ ಎರಡು ಸಾಗರಗಳಿವೆ. ಹಿಂದೆ ಉಷ್ಣವಲಯದಲ್ಲಿ ಎಲ್ಲಿ ಗುಲಾಬಿ ಟೋಪಿಯ ಮರಾಸ್ಮಿಯಸ್ ಸಿಕ್ಕರೂ ಅದಕ್ಕೆ ಇದೇ ಹೆಸರನ್ನು ಅಂಟಿಸುವ ರೂಢಿಯಿತ್ತು. ಟೋಪಿಯ ಬಣ್ಣ ಒಂದೇ ಪ್ರಭೇದದಲ್ಲಿ ಬದಲಾಗುತ್ತದೆ, ಬೇರೆ ಪ್ರಭೇದಗಳಲ್ಲಿ ಒಂದೇ ಆಗಿಯೂ ಇರುತ್ತದೆ. ಬಣ್ಣವನ್ನು ಮಾತ್ರ ನಂಬಿದರೆ ಒಂದನ್ನು ಎರಡಾಗಿಸುತ್ತೇವೆ, ಎರಡನ್ನು ಒಂದಾಗಿಸುತ್ತೇವೆ. 2009ರಲ್ಲಿ ಉತ್ತರ ಥಾಯ್ಲೆಂಡಿನ ಮರಾಸ್ಮಿಯಸ್‌ಗಳ ಮೇಲೆ ಬಂದ ಪ್ರಬಂಧದಲ್ಲಿ ವಿದ್ವಾಂಸರು ಆಕಾರವನ್ನೂ ಡಿಎನ್‌ಎಯನ್ನೂ ಜೊತೆಗಿಟ್ಟು ಅಳೆದದ್ದು ಇದಕ್ಕಾಗಿಯೇ. 2012ರಿಂದ ಶಿಲೀಂಧ್ರಗಳನ್ನು ಗುರುತಿಸಲು ಡಿಎನ್‌ಎಯ ಐಟಿಎಸ್ ಎಂಬ ಒಂದು ತುಣುಕನ್ನು ಎಲ್ಲರೂ ಸಮಾನ ಅಳತೆಗೋಲಾಗಿ ಒಪ್ಪಿಕೊಂಡಿದ್ದಾರೆ. ಅದಕ್ಕೂ ಮಿತಿಗಳಿವೆ, ಆದರೂ ಎರಡು ಖಂಡಗಳ ಅಣಬೆಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ನಮ್ಮ ಕಡೆಯ ಅಣಬೆಗೆ ಹತ್ತಿರದ ಗ್ರಂಥಗಳನ್ನು ತೆರೆಯುವುದು ವಿವೇಕ. ಶ್ರೀಲಂಕಾದ ಕಿವಿರು ಅಣಬೆಗಳ ಬಗ್ಗೆ ಡೇವಿಡ್ ಪೆಗ್ಲರ್ 1986ರಲ್ಲಿ ಬರೆದ ಪುಸ್ತಕ ದಕ್ಷಿಣ ಭಾರತದವರಿಗೆ ಇಂದಿಗೂ ಕೈಪಿಡಿ. ಇನ್ನೊಬ್ಬರು ಇ.ಜೆ.ಎಚ್. ಕಾರ್ನರ್, ಇವರು ಕೆಲಸ ಮಾಡಿದ್ದು ಸಮುದ್ರದಾಚೆಯ ಸಿಂಗಾಪುರದ ಸಸ್ಯೋದ್ಯಾನದಲ್ಲಿ, 1929ರಿಂದ. ಎತ್ತರದ ಮರಗಳಿಂದ ಹೂ ಹಣ್ಣು ಕೀಳಲು ಮಂಗಗಳನ್ನು ಪಳಗಿಸಿದ್ದಕ್ಕೆ ಅವರು ಹೆಸರಾದರು. ಆದರೆ ಮಲಯ ಪ್ರದೇಶದ ಮರಾಸ್ಮಿಯಸ್‌ಗಳನ್ನು ಅವರಷ್ಟು ದೀರ್ಘಕಾಲ ನೋಡಿದವರು ವಿರಳ. ಕರ್ನಾಟಕದಲ್ಲಿ ಮಂಗಳೂರು, ಕುವೆಂಪು ವಿಶ್ವವಿದ್ಯಾಲಯಗಳ ಸಂಶೋಧಕರು ಕರಾವಳಿ, ಮಲೆನಾಡಿನ ಅಣಬೆಗಳ ಪಟ್ಟಿಗಳನ್ನು ಪ್ರಕಟಿಸಿದ್ದಾರೆ. ಬಯಲುಸೀಮೆಯ ತರಗಿನ ಅಣಬೆಗಳತ್ತ ಕಣ್ಣು ಹಾಯಿಸಿದವರು ಅವರಿಗಿಂತ ಕಡಿಮೆ. ಯಲಹಂಕ, ಹೆಬ್ಬಾಳದ ಸುತ್ತ ನೀವು ಬರೆದಿಟ್ಟುಕೊಳ್ಳುವ ಟಿಪ್ಪಣಿಗೆ ಬೆಲೆ ಬರುವುದು ಹೀಗೆ.

ವರ್ಗೀಕರಣದ ಏಣಿಯನ್ನು ಈಗ ಹತ್ತೋಣ. ನಮ್ಮ ಅಣಬೆ ಮರಾಸ್ಮಿಯಸ್ ಜಾತಿ, ಮರಾಸ್ಮಿಯೇಸಿ ಕುಟುಂಬ, ಅಗಾರಿಕೇಲಿಸ್ ಗಣ, ಅಗಾರಿಕೋಮೈಸೀಟ್ಸ್ ವರ್ಗ, ಬೆಸಿಡಿಯೋಮೈಕೋಟಾ ವಂಶ, ಶಿಲೀಂಧ್ರ ಸಾಮ್ರಾಜ್ಯ. ಈ ಏಣಿ ಕಲ್ಲಿನಲ್ಲಿ ಕೆತ್ತಿದ್ದಲ್ಲ. 1753ರಲ್ಲಿ ಲಿನೇಯಸ್ ಅಣಬೆಗಳನ್ನು ಸಸ್ಯಗಳ ಜೊತೆ ಇಟ್ಟಿದ್ದರು. 1969ರಲ್ಲಿ ವಿಟಕರ್ ಐದು ಸಾಮ್ರಾಜ್ಯಗಳ ಪದ್ಧತಿ ತಂದಾಗ ಶಿಲೀಂಧ್ರಕ್ಕೆ ತನ್ನದೇ ಸಾಮ್ರಾಜ್ಯ ಸಿಕ್ಕಿತು. ಕುಟುಂಬಗಳೂ ಅಲುಗಾಡಿವೆ. ಮರಾಸ್ಮಿಯಸ್ ಆಂಡ್ರೊಸೇಸಿಯಸ್ ಎಂದು ತಲೆಮಾರುಗಳು ಓದಿದ್ದ ಅಣಬೆ 2004ರಲ್ಲಿ ಗಿಮ್ನೋಪಸ್ ಜಾತಿಗೆ ಹೋಯಿತು. ಕರಿ ದಂಟು, ಒಣಗಿ ಅರಳುವ ಗುಣ ಎಲ್ಲ ಇದ್ದರೂ ಡಿಎನ್‌ಎ ಬೇರೆ ನಂಟು ತೋರಿಸಿತು. ಅಂದರೆ ಒಣಗಿ ಅರಳುವ ಗುಣ ಬೇರೆಬೇರೆ ವಂಶಾವಳಿಗಳಲ್ಲಿ ಕಾಣುತ್ತದೆ. ಫ್ರೀಸ್ ಹಿಡಿದ ಗುರುತು ಮೊದಲ ಬಾಗಿಲು ತೆರೆಯಲು ಇಂದಿಗೂ ಒಳ್ಳೆಯದೇ, ಆದರೆ ಒಳಗಿನ ಕೋಣೆಗಳನ್ನೆಲ್ಲ ಅದೊಂದರಿಂದ ತೆರೆಯಲಾಗದು.

ಏಣಿ ಅಲುಗಾಡಿದರೂ ಸರಿಯಾಗಿ ಕಂಡು ಬರೆದದ್ದು ಉಳಿಯುತ್ತದೆ ಎಂಬುದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲೇ ಒಂದು ಉದಾಹರಣೆ ಇದೆ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಬಂದರು. ಮಳೆಗಾಲದಲ್ಲಿ ಅಡಿಕೆ ಗೊನೆಗಳನ್ನು ಉದುರಿಸುವ ಕೊಳೆರೋಗದ ಮೇಲೆ ಅವರು 1910ರಲ್ಲಿ ಪ್ರಕಟಿಸಿದ ವರದಿ, ಬೋರ್ಡೋ ದ್ರಾವಣ ಸಿಂಪಡಿಸುವ ಸಲಹೆ, ಮಲೆನಾಡಿನ ತೋಟಗಳನ್ನು ಉಳಿಸಿತು. ಇಂದಿಗೂ ಆ ಸಿಂಪಡಣೆ ನಡೆಯುತ್ತಿದೆ. ಆಗ ಅದನ್ನು ಶಿಲೀಂಧ್ರದ ರೋಗ ಎಂದೇ ಎಲ್ಲರೂ ತಿಳಿದಿದ್ದರು. ಈಗ ಕೊಳೆರೋಗಕ್ಕೆ ಕಾರಣವಾದ ಫೈಟೋಫ್ತೊರಾ ಶಿಲೀಂಧ್ರ ಸಾಮ್ರಾಜ್ಯದ್ದಲ್ಲ, ಕಂದು ಪಾಚಿಗಳ ದೂರದ ನಂಟ ಎಂದು ಗೊತ್ತಾಗಿದೆ. ಸಾಮ್ರಾಜ್ಯದ ಹೆಸರು ಬದಲಾದರೂ ಕೋಲ್ಮನ್ ಕಂಡು ಬರೆದದ್ದು ಸುಳ್ಳಾಗಲಿಲ್ಲ, ಏಕೆಂದರೆ ಅವರು ರೋಗ ಯಾವ ಕಾಯಿಗೆ, ಯಾವ ಹವೆಯಲ್ಲಿ, ಹೇಗೆ ಹರಡುತ್ತದೆ ಎಂಬುದನ್ನು ನಿಖರವಾಗಿ ಗಮನಿಸಿದ್ದರು.

ನೀವು ಎತ್ತಿ ತಂದ ಅಣಬೆಗೂ ಅಂಥ ದಾಖಲೆ ಬೇಕು. ತಾಜಾ ಇರುವಾಗ ಚಿತ್ರ ಬರೆದು, ಫೋಟೊ ತೆಗೆದು, 40 ಡಿಗ್ರಿಯ ಆಸುಪಾಸಿನ ಹಗುರ ಬಿಸಿಯಲ್ಲಿ ಎಲೆಸಮೇತ ಒಣಗಿಸಿ. ಬಿಸಿ ಹೆಚ್ಚಾದರೆ ಕೋಶಗಳು ಕುಸಿದು ಸೂಕ್ಷ್ಮದರ್ಶಕಕ್ಕೆ ಕೆಲಸ ಉಳಿಯದು. ಕಾಗದದ ಲಕೋಟೆಯಲ್ಲಿ ಇಟ್ಟು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬೀಜಕದ ಅಚ್ಚಿನ ಗಾಜನ್ನೂ ಜೊತೆಗೇ ಇಡಬೇಕು. ಲಕೋಟೆಯ ಮೇಲೆ ದಿನಾಂಕ, ಸ್ಥಳ, ಯಾವ ಮರದ ಎಲೆ, ಹಿಂದಿನ ದಿನಗಳ ಮಳೆ, ಎತ್ತಿದವರ ಹೆಸರು ಬರೆಯಿರಿ. ಹೆಸರಿನ ಜಾಗದಲ್ಲಿ ಪೆನ್ಸಿಲಿನಲ್ಲಿ ಮರಾಸ್ಮಿಯಸ್, ಹೆಮಟೋಸೆಫಾಲಸ್‌ಗೆ ಹೋಲಿಸಬೇಕಾದದ್ದು ಎಂದು ಬರೆದರೆ ಸಾಕು. ಸೂಕ್ಷ್ಮದರ್ಶಕ ಸಿಗದವರು ಇಷ್ಟನ್ನು ಸಿದ್ಧಮಾಡಿಕೊಂಡು ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗಶಾಸ್ತ್ರದವರನ್ನೋ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟರನ್ನೋ ಕೇಳಬಹುದು. ಎಲೆ, ಅಚ್ಚು, ಟಿಪ್ಪಣಿ ಮೂರೂ ಇರುವ ಮಾದರಿಯನ್ನು ಯಾರೂ ತಳ್ಳಿಹಾಕುವುದಿಲ್ಲ.

ಮುಂದಿನ ಮಳೆಗೆ ಅದೇ ಜಾಗಕ್ಕೆ ಹೋಗಿ ಒಂದು ಪ್ರಶ್ನೆಯನ್ನು ಮಾತ್ರ ಹಿಡಿದುಕೊಳ್ಳಿ: ಗುಲಾಬಿ ಟೋಪಿ ಹೊಂಗೆ ಎಲೆಯ ಮೇಲಷ್ಟೇ ಬರುತ್ತದೆಯೋ, ಪಕ್ಕದ ಬಿದಿರಿನ ತರಗಿನ ಮೇಲೂ ಬರುತ್ತದೆಯೋ? ಬಿದಿರಿನ ಮೇಲೆ ಬಂದದ್ದು ಸಿಕ್ಕರೆ ಅದನ್ನು ಬೇರೆ ಲಕೋಟೆಯಲ್ಲಿಡಿ, ಎರಡರ ಬೀಜಕಗಳನ್ನೂ ಅಳೆಯಿರಿ.